ಪಕ್ಕದ ಮನೆಯ ಬಿಸಿಲು

ಮೊನ್ನೆ ನಮ್ಮ ತಾರಸಿ ತೋಟ ನೋಡಲು ಬಂದಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಹಣೆಗೆ ಕಲ್ಲು ಬಡಿಯಿತು. ಯಾರೂ ಹೊಡೆದದ್ದಲ್ಲ. ಪಡವಲಕಾಯಿ ಸುರುಳಿ ಸುತ್ತದೆ ನೆಟ್ಟಗೆ ಬೆಳೆಯಲಿ ಅಂತ ಅದರ ತುದಿಗೆ ದಾರದಲ್ಲಿ ಪುಟ್ಟ ಕಲ್ಲು ಕಟ್ಟಿ ಇಳಿಬಿಡುತ್ತಾರಲ್ಲ, ಆ ಕಲ್ಲು. ನಮ್ಮ ಚಪ್ಪರದಲ್ಲಿ ಅಂಥವು ಸಾಲಾಗಿ ತೂಗುತ್ತಿರುತ್ತವೆ. ಅವುಗಳ ಕೆಳಗೆ ಬೆನ್ನು ಬಗ್ಗಿಸಿ ನಡೆದು ನಡೆದು ರೂಢಿಯಾಗಿ ಈಗ ನಾನು ಬೀದಿಯಲ್ಲೂ ಹಾಗೇ ನಡೆಯುತ್ತೇನೆ. ಪರಿಚಯದವರು ಸೊಂಟ ನೋವೇ ಅಂತ ವಿಚಾರಿಸುತ್ತಾರೆ.

ಬಂದವರು ಹಣೆ ಉಜ್ಜಿಕೊಳ್ಳುತ್ತಾ, "ಅಲ್ಲ ಶ್ರೀಧರ್, ರಿಟೈರ್ ಆದ್ಮೇಲೆ ಜನ ಸುಮ್ನೆ ಪೇಪರ್ ಓದ್ಕೊಂಡು ಇರ್ತಾರೆ. ನಿಮಗೆ ಈ ಪಾಳುಮನೆ ಸಹವಾಸ ಯಾಕೆ ಬಂತು?" ಅಂದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಮೆಟ್ರೋ ಹಿಡಿಯಬೇಕೆಂಬುದು ನೆನಪಾಯಿತು. ನಾನು ಮಾತು ಶುರುಮಾಡಿದಾಗ ಜನಕ್ಕೆ ಇಂಥದ್ದೆಲ್ಲ ನೆನಪಾಗುವುದು ಕಾಲೇಜಿನ ಕಾಲದಿಂದಲೂ ಇದೆ. ನಿಮಗೆ ಎಲ್ಲಿಗೂ ಹೋಗುವ ಆತುರವಿಲ್ಲವೆಂದು ನಂಬಿ ಹೇಳುತ್ತೇನೆ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು. ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ಆದರೆ ಮನೆಯಲ್ಲಿ ಫ್ಯೂಸ್ ಹೋದರೆ ಸ್ಟೂಲ್ ಹತ್ತುವವಳು ನನ್ನ ಹೆಂಡತಿ ಸುಮಿತ್ರ. ನಾನು ಕೆಳಗೆ ನಿಂತು ಟಾರ್ಚ್ ಹಿಡಿಯುತ್ತೇನೆ, ಅದೂ ಅವಳು ಹೇಳಿದ ಕಡೆಗಲ್ಲ.

ಈ ಮನೆ ನನ್ನ ತಾಯಿಯ ತಂದೆ ಕಟ್ಟಿಸಿದ್ದು. ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಗದ್ದಲ ಕೇಳಿಸಿಯೂ ಕೇಳಿಸದಷ್ಟು ದೂರದ ಒಂದು ಅಡ್ಡರಸ್ತೆಯಲ್ಲಿದೆ. ಬೇಸಿಗೆ ರಜೆಗೆ ಬಂದರೆ ನಾವು ಮಕ್ಕಳು ಮಧ್ಯಾಹ್ನವೆಲ್ಲ ಅಂಗಿ ಬಿಚ್ಚಿ ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಬೋರಲು ಮಲಗುತ್ತಿದ್ದೆವು. ಹೊಟ್ಟೆ ತಣ್ಣಗಾಗುತ್ತಿತ್ತು. ಒಂದು ಜಾಗ ಬಿಸಿಯಾದರೆ ಪಕ್ಕಕ್ಕೆ ಉರುಳುವುದು. ಸಂಜೆಯ ಹೊತ್ತಿಗೆ ಎಲ್ಲರೂ ಉರುಳಿ ಉರುಳಿ ಅಡುಗೆಮನೆ ಬಾಗಿಲಿಗೆ ಬಂದು ಸೇರಿರುತ್ತಿದ್ದೆವು. ತಿಂಡಿಯ ಸಮಯವೂ ಅದೇ ಆಗಿರುತ್ತಿತ್ತು.

ಪಕ್ಕದ ಮನೆಯವರದೊಂದು ಮಾವಿನಮರ ಎರಡೂ ಮನೆಗಳ ನಡುವೆ ನಿಂತಿತ್ತು. ಬುಡ ಅವರ ಕಡೆ, ಕೊಂಬೆ ನಮ್ಮ ಕಡೆ. ನಮ್ಮ ತಾರಸಿಗೆ ಬಿದ್ದ ಹಣ್ಣನ್ನು ಅಜ್ಜಿ ತಟ್ಟೆಯಲ್ಲಿಟ್ಟು ಗೋಡೆಯ ಮೇಲಿಂದ ಆಚೆ ಕೊಡುವರು. ಅವರು ಮರ್ಯಾದೆಗೆ ಅರ್ಧ ವಾಪಸ್ಸು ಕೊಡುವರು. ಅಜ್ಜಿ ಇನ್ನೂ ಮರ್ಯಾದಸ್ಥೆ, ಅದರಲ್ಲಿ ಅರ್ಧ ಮತ್ತೆ ಕಳಿಸುವರು. ಕೊನೆಗೆ ಒಂದೇ ಹಣ್ಣು ಅತ್ತಿಂದಿತ್ತ ಓಡಾಡುತ್ತಾ ಕಪ್ಪಾಗುತ್ತಿತ್ತು.

ಈ ಮರ್ಯಾದೆಯೇ ಮುಂದೆ ಮನೆ ಪಾಳುಬೀಳಲು ಕಾರಣವಾಯಿತು ನೋಡಿ. ಅಜ್ಜಿ ತೀರಿಕೊಂಡ ಮೇಲೆ ಆಸ್ತಿಯ ವಿಷಯದಲ್ಲಿ ನಮ್ಮಲ್ಲಿ ಯಾರೂ ಜಗಳವಾಡಲಿಲ್ಲ. ಅಮ್ಮ "ರಾಮು ಹೇಗೆ ಹೇಳ್ತಾನೋ ಹಾಗೆ" ಅಂದಳು. ರಾಮು ಅಂದರೆ ಅವಳ ತಮ್ಮ, ನನ್ನ ಸೋದರಮಾವ. ಅವರು "ಅಕ್ಕ ಹೇಗೆ ಹೇಳ್ತಾಳೋ ಹಾಗೆ" ಅಂದರು. ಇಬ್ಬರೂ ಏನೂ ಹೇಳಲಿಲ್ಲ. ಬೀಗ ತುಕ್ಕು ಹಿಡಿಯಿತು. ಬೀದಿಯ ಬೆಕ್ಕುಗಳಿಗೆಲ್ಲ ಅದೇ ಹೆರಿಗೆ ಆಸ್ಪತ್ರೆಯಾಯಿತು. ಕಾಂಪೌಂಡಿನ ಗೋಡೆಗೆ ಗಂಡಸರು ತೊಂದರೆ ಕೊಡಬಾರದೆಂದು ಯಾರೋ ಪುಣ್ಯಾತ್ಮರು ಸರ್ವಧರ್ಮದ ದೇವರ ಟೈಲ್ಸ್ ಅಂಟಿಸಿದರು. ತಾರಸಿಯ ಅಂಚಿನಲ್ಲಿ ಅರಳಿ ಗಿಡ ಹುಟ್ಟಿತು. ಅಮ್ಮನೂ ಹೋದಳು. ಅವಳ ಪಾಲು ನನಗೆ ಬಂತು.

ಆಮೇಲೆ ಒಬ್ಬ ಬಿಲ್ಡರ್ ಬಂದ. ಮಾವ ಮಗನ ಜೊತೆಗಿದ್ದ ಮಲ್ಲೇಶ್ವರದ ಫ್ಲ್ಯಾಟಿನಲ್ಲಿ ಸಭೆ ಸೇರಿತು. ಮಾವ ಸೋಫಾದಲ್ಲಿ ಕಾಲು ಮಡಿಸಿ ಕೂತು, "ಕೊಟ್ಬಿಡೋಣ ಕಣೋ. ಕೆಡವಿ ಅಪಾರ್ಟ್‌ಮೆಂಟ್ ಕಟ್ತಾರಂತೆ" ಅಂದರು.

ಅವತ್ತು ನನಗೇನಾಗಿತ್ತೋ. ಹಿಂದಿನ ವಾರವಷ್ಟೇ ಹಳೆಮನೆಗಳನ್ನು ಕೆಡವದೆ ಸರಿಮಾಡುವುದರ ಬಗ್ಗೆ ಭಾಷಣವೊಂದನ್ನು ಕೇಳಿ ಬಂದಿದ್ದೆ. ಕೆಂಪು ನೆಲವೂ ನೆನಪಾಯಿತು. ಎದ್ದು ನಿಂತು, "ಬೇಡ ಮಾವ. ಅದನ್ನ ನಾನು ನೆಟ್ ಜೀರೋ ಮನೆ ಮಾಡ್ತೀನಿ" ಅಂದುಬಿಟ್ಟೆ.

"ಹಂಗಂದ್ರೆ?"

"ವರ್ಷಕ್ಕೆ ಎಷ್ಟು ಕರೆಂಟ್ ಉರಿಸ್ತೀವೋ ಅಷ್ಟನ್ನ ಮನೆಯೇ ಬಿಸಿಲಿಂದ ಮಾಡ್ಕೊಳುತ್ತೆ. ಹಗಲು ಹೆಚ್ಚಾಗಿದ್ದು ಲೈನಿಗೆ ಕೊಡೋದು, ಕತ್ತಲಾದ್ಮೇಲೆ ಲೈನಿಂದ ತಗೊಳೋದು. ಪಕ್ಕದ ಮನೆಯಿಂದ ಕಾಫಿಪುಡಿ ತಂದು ತೀರಿಸಿದ ಹಾಗೆ. ಕೊನೆಗೆ ಲೆಕ್ಕ ಸೊನ್ನೆ. ಮೇಲೆ ತರಕಾರಿನೂ ಬೆಳೀತೀವಿ."

"ಸೊನ್ನೆ ತರೋದ್ರಲ್ಲಿ ನಿನಗೆ ಚಿಕ್ಕಂದಿನಿಂದ ಅಭ್ಯಾಸ ಇದೆ ಬಿಡು," ಅಂದರು ಮಾವ. ಸುಮಿತ್ರ ಕಿಟಕಿಯ ಆಚೆ ನೋಡಿದಳು. ಮಾವ ಮಡಿಸಿದ ಕಾಲು ಕೆಳಗಿಳಿಸಿ, "ಆಯ್ತು. ನಡೆಸಿ ತೋರಿಸು. ಒಂದು ವರ್ಷ ಆದ್ಮೇಲೆ ನಾನೇ ಬಂದು ನೋಡ್ತೀನಿ. ಸೊನ್ನೆ ಬಂತು, ಮನೆ ನಿಂದು. ಬರ್ಲಿಲ್ಲ, ಬಿಲ್ಡರ್‌ದು," ಅಂದರು. ಮರ್ಯಾದಸ್ಥರ ಮನೆತನದಲ್ಲಿ ಇಷ್ಟು ಸ್ಪಷ್ಟವಾದ ಮಾತು ಅದೇ ಮೊದಲು.

ನನ್ನ ಹಳೆಯ ವಿದ್ಯಾರ್ಥಿನಿ ಮೇಘನಾ ಈಗ ಆರ್ಕಿಟೆಕ್ಟ್. ಹಳೆಮನೆಗಳ ರಿಪೇರಿಯೇ ಅವಳ ಕಸುಬು. ಬೀಗ ಒಡೆಸಿ ಒಳಗೆ ಕಾಲಿಟ್ಟವಳು ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಎಲ್ಲ ಕೋಣೆ ಸುತ್ತಿ ಬಂದು, "ಸರ್, ಈ ಮನೆಗೆ ಏನೂ ಆಗಿಲ್ಲ. ಉಸಿರು ಕಟ್ಟಿದೆ ಅಷ್ಟೇ," ಅಂದಳು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದಳು. ನಾನು ತಲೆಯಾಡಿಸುತ್ತಾ ಹೋದೆ. ನಡುವೆ ನಿಲ್ಲಿಸಿ, "ಅರ್ಥ ಆಗದೆ ತಲೆ ಆಡಿಸ್ಬಾರ್ದು ಸರ್, ನೀವೇ ಹೇಳ್ತಿದ್ರಿ," ಅಂದಳು. ಮೇಷ್ಟರುಗಳು ಆಡಿದ ಮಾತೆಲ್ಲ ಎಲ್ಲೋ ಕಾದು ಕೂತಿರುತ್ತದೆ.

ಮೊಳೆ ಹೊಡೆದು ಮುಚ್ಚಿದ್ದ ಕಿಟಕಿಗಳು ತೆರೆದುಕೊಂಡವು. ಗವಾಕ್ಷಿಗಳಿಂದ ಪಾರಿವಾಳದ ಗೂಡುಗಳು ಇಳಿದವು. ಕತ್ತಲೆ ನಡುಮನೆಯ ಮೇಲೆ ಗಾಜಿನ ಬೆಳಕಿಂಡಿ ಬಂತು. ತಾರಸಿಗೆ ಬಿಸಿಲು ಕುಡಿಯದಂಥ ಬಿಳಿ ಬಣ್ಣ ಬಳಿದರು. ಚಪ್ಪಡಿ ಮುಚ್ಚಿದ್ದ ಹಿತ್ತಲ ಬಾವಿಯ ಹೂಳೆತ್ತಿ ಮಳೆನೀರು ಅದಕ್ಕೆ ಇಳಿಯುವಂತೆ ಮಾಡಿದರು. ಸ್ನಾನದ ನೀರು ಬಾಳೆಬುಡಕ್ಕೆ ಹೋಯಿತು. ಬೆಕ್ಕುಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ನಾವು ಸಾಮಾನು ಇಳಿಸುವಾಗ ಅವು ಮೆಟ್ಟಿಲ ಮೇಲೆ ಕೂತು, ಬಾಡಿಗೆಗೆ ಬಂದವರನ್ನು ಮಾಲೀಕರು ನೋಡುವ ಹಾಗೆ ನೋಡಿದವು.

ಎಲ್ಲ ಸರಿಹೋದ ಮೇಲೆ ಉಳಿದದ್ದು ಸೂರ್ಯ. ಮೇಘನಾ ತಾರಸಿಯಲ್ಲಿ ನಿಂತು ಮೇಲೆ ನೋಡಿದಳು. ಮಾವಿನಮರ ನನ್ನ ಬಾಲ್ಯಕ್ಕಿಂತ ಎರಡು ಪಟ್ಟು ಬೆಳೆದಿತ್ತು.

"ಸೂರ್ಯ ಯಾವ ಕಡೆ ಸರ್?"

"ದಕ್ಷಿಣಕ್ಕೆ ವಾಲಿರ್ತಾನೆ."

"ಮರ ಯಾವ ಕಡೆ?"

"ದಕ್ಷಿಣ."

"ಮತ್ತೆ ಸೋಲಾರ್ ಪ್ಯಾನೆಲ್ ಎಲ್ಲಿ ಹಾಕೋದು?"

"ಮರದವರ ಹತ್ರ ನಾನು ಮಾತಾಡ್ತೀನಿ," ಅಂದೆ. ಅಂಥ ಧೈರ್ಯದ ಮಾತುಗಳು ಬಾಯಿಂದ ಬಂದಾಗಲೆಲ್ಲ ಸುಮಿತ್ರ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ.

ಮರದವರು ಅಂದರೆ ಪಂಕಜಮ್ಮ. ಪಕ್ಕದ ಮನೆಗೆ ಸೊಸೆಯಾಗಿ ಬಂದು, ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ದನಿಯಲ್ಲಿ ಕೌಂಟರು ಇನ್ನೂ ಇತ್ತು. ನಾನು ಹೋದೆ. ಕಾಫಿ ಕೊಟ್ಟರು. ಕುಡಿದು, ಸಕ್ಕರೆ ಸರಿಯಾಗಿದೆ ಅಂತ ಹೇಳಿ ಎದ್ದು ಬಂದೆ. ಮಾರನೆಯ ದಿನವೂ ಅಷ್ಟೇ ಆಯಿತು. ಮತ್ತೂ ಹೋದಾಗ ಅವರು ಲೋಟ ಮುಂದಿಟ್ಟು, "ಮೇಷ್ಟ್ರೇ, ನಮ್ಮನೇಲಿ ಕಾಫಿಪುಡಿ ಮುಗೀತಾ ಬಂತು. ಬಂದ ವಿಷಯ ಹೇಳ್ಬಿಡಿ," ಅಂದರು.

ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಪರಿಸರ ಉಳಿಸೋಕೆ ನನ್ನ ಮರ ಕಡೀಬೇಕು."

"ಕಡಿಯೋದಲ್ಲಮ್ಮ. ತಲೆ ಮೇಲೆ ಸ್ವಲ್ಪ ಟ್ರಿಮ್ ಮಾಡೋದು."

"ನಿಮ್ಮ ತಲೆ ಮೇಲೆ ಟ್ರಿಮ್ ಮಾಡೋಕೆ ಏನೂ ಉಳಿದಿಲ್ಲ. ಅದಕ್ಕೆ ಬೇರೆಯವರ ತಲೆಗೆ ಬಂದಿದೀರ," ಅಂದು ಖಾಲಿಯಾಗದ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಅಲ್ಲಿಗೆ ನನ್ನ ಜೊತೆ ಮಾತು ಬಂದ್ ಆಯಿತು.

ಸುದ್ದಿ ನನಗಿಂತ ಮುಂಚೆ ಪಾರ್ಕಿಗೆ ತಲುಪಿತ್ತು. ಬೆಳಗ್ಗೆ ವಾಕಿಂಗಿನಲ್ಲಿ ನಮಸ್ಕಾರ ಮಾಡಿದರೆ ಯಾರೂ ವಾಪಸ್ಸು ಮಾಡಲಿಲ್ಲ. ಭಾನುವಾರ ಹಿರಿಯರ ತಂಡವೊಂದು ಮನೆಗೇ ಬಂತು. ಮಂಕಿ ಟೋಪಿ ಹಾಕಿದ ಯಜಮಾನರೊಬ್ಬರು ನನ್ನ ಕುರ್ಚಿಯಲ್ಲೇ ಕೂತು, ಎಲೆ ಇಂಗಾಲವನ್ನು ಹೇಗೆ ಹೀರಿಕೊಳ್ಳುತ್ತದೆ, ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ನನಗೆ ನಿಧಾನವಾಗಿ ತಿಳಿಸಿಕೊಟ್ಟರು. ನಡುನಡುವೆ "ಫಾಲೋ ಆಗ್ತಿದೆಯಾ?" ಅಂತ ಕೇಳುತ್ತಿದ್ದರು. ಹೊರಡುವಾಗ ನಾನು ಏನು ಪಾಠ ಮಾಡುತ್ತಿದ್ದೆನೆಂದು ವಿಚಾರಿಸಿದರು.

"ಫಿಸಿಕ್ಸ್."

"ಅದಕ್ಕೇ ಹೀಗೆ. ಬಾಟನಿ ಆಗಿದ್ರೆ ಮರದ ಸುದ್ದಿಗೆ ಹೋಗ್ತಿರ್ಲಿಲ್ಲ."

ನಾನು ಹಟ ಹಿಡಿದು ತರಕಾರಿಯಲ್ಲಾದರೂ ಗೆಲ್ಲೋಣವೆಂದು ತಾರಸಿಯಲ್ಲಿ ಚೀಲಗಳಿಗೆ ಮಣ್ಣು ತುಂಬಿ ಟೊಮೇಟೊ ಹಾಕಿದೆ. ಗಿಡಗಳು ಬಿಸಿಲು ಹುಡುಕುತ್ತಾ ಪಾರಪೆಟ್ ಗೋಡೆ ದಾಟಿ ರಸ್ತೆಯವರೆಗೆ ಬಗ್ಗಿ ನೋಡಿದವು. ಕಾಯಿ ಬಿಡಲಿಲ್ಲ. ಪಂಕಜಮ್ಮ ತಮ್ಮ ತಾರಸಿಯಿಂದ ದಿನವೂ ಅದನ್ನು ನೋಡುವರು. ಹೇಳಬೇಕೆಂದು ಬಾಯಿ ತೆರೆಯುತ್ತಿತ್ತು, ಮಾತು ಬಿಟ್ಟಿದ್ದು ನೆನಪಾಗಿ ಮುಚ್ಚಿಕೊಳ್ಳುತ್ತಿತ್ತು. ಅವರಿಗೆ ಎಷ್ಟು ಹಿಂಸೆಯಾಗುತ್ತಿತ್ತೆಂದು ದೂರದಿಂದಲೇ ಕಾಣುತ್ತಿತ್ತು.

ಹೀಗಿರುವಾಗ ಸುಮಿತ್ರ ಅರಳು ಸಂಡಿಗೆ ಇಟ್ಟಳು. ನಮ್ಮ ತಾರಸಿಯಲ್ಲಿ ಒಣಹಾಕಿದ್ದು ಮಾರನೆಯ ದಿನವೂ ಹಸಿಹಸಿಯಾಗಿಯೇ ಇದ್ದು, ಒಂದು ಥರ ವಾಸನೆ ಬಂತು. ಅವಳು ಪ್ಲಾಸ್ಟಿಕ್ ಹಾಳೆಯ ನಾಲ್ಕು ಮೂಲೆ ಹಿಡಿದೆತ್ತಿಕೊಂಡು ಗೇಟಿನ ಕಡೆ ನಡೆದಳು.

"ಎಲ್ಲಿಗೆ?"

"ಪಂಕಜಮ್ಮನ ತಾರಸಿಗೆ."

"ಅವರು ನಮ್ಮ ಜೊತೆ ಮಾತು ಬಿಟ್ಟಿದಾರೆ."

"ನಿಮ್ಮ ಜೊತೆ. ನನ್ನ ಜೊತೆ ಯಾಕ್ರೀ ಬಿಡ್ತಾರೆ?"

ಅವರಿಬ್ಬರ ನಡುವೆ ಹುಳಿಪುಡಿ, ದೋಸೆಹಿಟ್ಟು, ಮೊಣಕಾಲಿನ ಎಣ್ಣೆ ಎಲ್ಲ ಓಡಾಡುತ್ತಲೇ ಇತ್ತಂತೆ. ನನಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಅವಳು ಒಂದು ಸಂಡಿಗೆ ತಂದು ನನ್ನ ಮುಂದೆ ಪಟ್ ಅಂತ ಮುರಿದಳು.

"ನೋಡಿ, ಬೆಳಗ್ಗೆ ಹಾಕಿದ್ದು. ಅಲ್ಲಿ ಕಾಲಿಡೋಕಾಗಲ್ಲ, ಅಷ್ಟು ಸುಡುತ್ತೆ. ಮರದ ನೆರಳೆಲ್ಲ ನಮ್ಮ ಕಡೆ ಬೀಳುತ್ತೆ, ಬಿಸಿಲೆಲ್ಲ ಅವರ ಕಡೆ. ಸಂಡಿಗೆ ಎಲ್ಲಿ ಒಣಗುತ್ತೋ ಅಲ್ಲಿ ನಿಮ್ಮ ಪ್ಯಾನೆಲ್ ಹಾಕಿ."

ನಾನು ಅವಳನ್ನೂ ಸಂಡಿಗೆಯನ್ನೂ ನೋಡಿದೆ. ಬೆಳಕು ನೇರ ಗೆರೆಯಲ್ಲಿ ಚಲಿಸುತ್ತದೆ, ಅಡ್ಡ ಬಂದ ವಸ್ತುವಿನ ಹಿಂದೆ ನೆರಳು ಬೀಳುತ್ತದೆ. ಇದು ಮಾಧ್ಯಮಿಕ ಶಾಲೆಯ ಪಾಠ. ನಾನು ಅದಕ್ಕಿಂತ ಮೇಲಿನ ತರಗತಿಯವರಿಗೆ ಹೇಳಿಕೊಡುತ್ತಿದ್ದೆ, ಅದೇ ತೊಂದರೆಯಾಗಿರಬೇಕು.

ಈ ಸಲ ಮಾತಾಡಲು ನನ್ನನ್ನು ಕಳಿಸಲಿಲ್ಲ. ಸುಮಿತ್ರ ಮತ್ತು ಮೇಘನಾ ಹೋದರು. ನಾನು ಗೋಡೆಯ ಈಚೆ ಬಾಳೆಗಿಡದ ಪಕ್ಕ ನಿಂತು ಕೇಳಿಸಿಕೊಂಡೆ. ಪ್ಯಾನೆಲ್ ಹಾಕಿದರೆ ತಾರಸಿಗೆ ನೆರಳಾಗಿ ಮಹಡಿಯ ಕೋಣೆ ತಣ್ಣಗಾಗುತ್ತದೆ, ಕರೆಂಟನ್ನು ಎರಡೂ ಮನೆಯ ಲೆಕ್ಕಕ್ಕೆ ಹಂಚಬಹುದು, ಅದರ ಓಡಾಟವೆಲ್ಲ ತನ್ನದು ಅಂದಳು ಮೇಘನಾ. ಆ ಕೋಣೆ ಬೇಸಿಗೆಯಲ್ಲಿ ಒಲೆಯಾಗುತ್ತಿತ್ತಂತೆ. ಪಂಕಜಮ್ಮ, "ಹಾಕ್ಕೊಳ್ಳಿ. ಆದ್ರೆ ಸಂಡಿಗೆಗೆ ಜಾಗ ಬಿಡ್ಬೇಕು. ಮರದ ಒಂದು ಎಲೆ ಮುಟ್ಟಬಾರ್ದು. ಇನ್ನೊಂದು ವಿಷಯ," ಅಂದು ದನಿ ಏರಿಸಿದರು, "ಆ ಟೊಮೇಟೊ ಗಿಡ ಇಟ್ಟುಕೊಂಡು ಏನು ಮಾಡ್ತಿದೀರ ಮೇಷ್ಟ್ರೇ? ಅಲ್ಲೇ ನಿಂತಿದೀರ ಅಂತ ಗೊತ್ತು. ನೆರಳಲ್ಲಿ ಯಾರಾದ್ರೂ ಟೊಮೇಟೊ ಹಾಕ್ತಾರಾ? ಆ ತಾರಸಿ ನನಗೆ ಬಿಟ್ಟುಕೊಡಿ, ಸೊಪ್ಪು ಬೆಳೆದು ತೋರಿಸ್ತೀನಿ."

ಹಾಗೆ ಎರಡು ಮನೆಗಳು ತಾರಸಿ ಬದಲಾಯಿಸಿಕೊಂಡವು. ಕಾಂಪೌಂಡ್ ಗೋಡೆ ಒಡೆದು ಪುಟ್ಟದೊಂದು ಗೇಟು ಇಟ್ಟೆವು. ಪಂಕಜಮ್ಮ ಬೆಳಗ್ಗೆ ಕಾಫಿ ಕುಡಿದು ಆ ಗೇಟಿನಿಂದ ನಮ್ಮ ತಾರಸಿಗೆ ಡ್ಯೂಟಿಗೆ ಬರುವರು. ಒಂದೆಲಗ, ಪಾಲಕ್, ದಂಟು, ದೊಡ್ಡಪತ್ರೆ ಎಲ್ಲ ಮರದ ನೆರಳಲ್ಲಿ ಹಾಯಾಗಿ ಹಬ್ಬಿದವು. ಬಿಸಿಲು ಬೀಳುವ ಉತ್ತರದ ಅಂಚಿನಲ್ಲಿ ಪಡವಲದ ಚಪ್ಪರ ಎದ್ದಿತು. ಕಲ್ಲು ಕಟ್ಟಿದ್ದು ಅವರೇ. ಮೊಳಕೆಯೊಡೆಯದ ಚೀಲದ ಮುಂದೆ ನಿಂತು, "ಇವತ್ತು ಬರ್ಲಿಲ್ಲ ಅಂದ್ರೆ ನಾಳೆ ಮೆಂತ್ಯ ಹಾಕ್ತೀನಿ ನೋಡು," ಅಂತ ಗದರುವುದು ಕೇಳಿಸುತ್ತಿತ್ತು. ನಮ್ಮ ಊಟ ಹಸಿರಾಯಿತು. ಸೋಮವಾರ ಮಸ್ಸೊಪ್ಪು, ಮಂಗಳವಾರ ಬಸ್ಸಾರು, ಬುಧವಾರ ತಂಬುಳಿ, ಗುರುವಾರ ಮತ್ತೆ ಮಸ್ಸೊಪ್ಪು. ಒಂದು ದಿನ ತಡೆಯಲಾರದೆ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋಗಿ ಬೋಂಡಾ ತಿಂದು ಬಂದೆ. ಅದರ ಜೊತೆಗೂ ಪುದೀನ ಚಟ್ನಿ ಕೊಟ್ಟರು.

ಪ್ಯಾನೆಲ್ ಕೆಲಸ ಶುರುಮಾಡಿದ ದಿನದಿಂದ ಮಾವನ ವರ್ಷ ಎಣಿಕೆಗೆ ಬಂತು. ಎಲ್ಲ ಚೆನ್ನಾಗಿಯೇ ಸಾಗಿತ್ತು. ತಂಪು ನೆಲ, ತೆರೆದ ಕಿಟಕಿ, ಏಪ್ರಿಲ್‌ನಲ್ಲೂ ಫ್ಯಾನು ಅಪರೂಪ. ಲೈನಿಗೆ ಕೊಟ್ಟದ್ದೇ ಹೆಚ್ಚು ಅಂತ ಮೇಘನಾ ಆಗಾಗ ಹೇಳಿ ಹೋಗುವಳು. ಆಮೇಲೆ ನವೆಂಬರಿನಲ್ಲಿ ಮಾವ ಬಂದರು.

ಅವರ ಅಪಾರ್ಟ್‌ಮೆಂಟಿನ ಲಿಫ್ಟು ಕೆಟ್ಟಿತ್ತು. ರಿಪೇರಿಯಾಗುವ ತನಕ ಇಲ್ಲಿದ್ದು, ಹಾಗೆಯೇ ನನ್ನ ಲೆಕ್ಕ ಪರೀಕ್ಷಿಸುತ್ತೇನೆಂದರು. ಅದೇ ವಾರ ಲಿಫ್ಟು ಸರಿಹೋಯಿತೆಂದು ಮಗ ಫೋನ್ ಮಾಡಿದ. ಮಾವನಿಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಮಾಡಿದ, ಸಿಗ್ನಲ್ ಸಿಗಲಿಲ್ಲ. ಅವರು ತಾವು ಹುಟ್ಟಿದ ಕೋಣೆಯಲ್ಲೇ ಹಾಸಿಗೆ ಹಾಕಿಸಿಕೊಂಡರು. ದಿನಕ್ಕೆರಡು ಸಲ ಗೀಸರಿನ ಸುಡುನೀರಿನ ಸ್ನಾನ. ಮೊಣಕಾಲಿಗೆ ಕರೆಂಟಿನ ಶಾಖ. ಯಾವ ದೇಶ ಯಾವ ದೇಶದ ಮೇಲೆ ಆಡಿದರೂ ಟಿವಿಯಲ್ಲಿ ಕ್ರಿಕೆಟ್. ಬೆಳಕಿಂಡಿಯ ಕೆಳಗೆ ಕೂತು, ಟ್ಯೂಬ್‌ಲೈಟ್ ಹಾಕಿಕೊಂಡು ಪೇಪರ್. "ಮಾವ, ಬೆಳಕಿದೆಯಲ್ಲ," ಅಂದರೆ, "ಅಭ್ಯಾಸ ಕಣೋ," ಅನ್ನುವರು.

ನಾನು ಬೇರೆ ಕಡೆ ಕರೆಂಟ್ ಉಳಿಸಲು ನೋಡಿದೆ. ಮಿಕ್ಸಿ ಬೇಡ, ಒರಳಿನಲ್ಲಿ ಚಟ್ನಿ ರುಬ್ಬುತ್ತೇನೆಂದು ಕೂತು ಬೆರಳು ಜಜ್ಜಿಕೊಂಡೆ. ಇಸ್ತ್ರಿ ಬಿಟ್ಟೆ. ಸುಕ್ಕು ಅಂಗಿಯಲ್ಲಿ ಪಾರ್ಕಿಗೆ ಹೋದಾಗ ಮಂಕಿ ಟೋಪಿಯವರು ಮನೆಯಲ್ಲಿ ಎಲ್ಲ ಸರಿಯೇ ಅಂತ ಮೆಲ್ಲಗೆ ಕೇಳಿದರು. ಮಾವನಿಗೆ ಮಾತ್ರ ಏನೂ ಹೇಳಲಾಗಲಿಲ್ಲ. ಸಂಜೆ ಅವರು ಪಂಕಜಮ್ಮನ ಎದುರು ಕೂತು ಸೊಪ್ಪು ಬಿಡಿಸುತ್ತಾ, ಅಜ್ಜಿಯ ಮಾವಿನಹಣ್ಣಿನ ಕಥೆ ಹೇಳಿ ನಗುತ್ತಿದ್ದರು. ಮಲ್ಲೇಶ್ವರದಲ್ಲಿ ಅವರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಗೀಸರ್ ಆಫ್ ಮಾಡಿ ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಮನೆ ಹೋಗುತ್ತದೆ ಎಂದು ಒಳಗೊಳಗೇ ಕುಸಿಯುತ್ತಿದ್ದೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಆ ಕೆಂಪು ನೆಲದ ಮೇಲೆ ಬೋರಲು ಮಲಗಿಯೂ ನೋಡಿದೆ. ಎಬ್ಬಿಸಲು ಸುಮಿತ್ರ ಬರಬೇಕಾಯಿತು.

ವರ್ಷ ತುಂಬಿದ ದಿನ ಮೇಘನಾ ಬಂದಳು. ನಡುಮನೆಯಲ್ಲಿ ಎಲ್ಲರೂ ಕೂತೆವು. ಪಂಕಜಮ್ಮ ಗೇಟಿನಿಂದ ಬಂದು ಕಂಬಕ್ಕೆ ಒರಗಿದರು.

"ನವೆಂಬರ್ ತನಕ ಎಲ್ಲ ಸರಿಯಾಗಿತ್ತು ಸರ್," ಅಂದಳು ಮೇಘನಾ. ಆಮೇಲೆ ಯಾರನ್ನೂ ನೋಡದೆ, "ಕೊಟ್ಟಿದ್ದಕ್ಕಿಂತ ತಗೊಂಡಿದ್ದು ಸ್ವಲ್ಪ ಜಾಸ್ತಿ ಆಗಿದೆ."

"ಸ್ವಲ್ಪ ಅಂದ್ರೆ ಎಷ್ಟಮ್ಮ?" ಅಂದರು ಮಾವ.

"ಒಂದು ಗೀಸರಿನಷ್ಟು, ತಾತ."

ಸುಮಿತ್ರ ಅಡುಗೆಮನೆಗೆ ಹೋದಳು. ಪಂಕಜಮ್ಮ ಉಗುರು ನೋಡಿಕೊಂಡರು. ಮಾವ ಜೇಬಿನಿಂದ ಫೋನ್ ತೆಗೆದು, ಕಣ್ಣಿನಿಂದ ದೂರ ಹಿಡಿದು ಹೆಸರು ಹುಡುಕಿ ಸ್ಪೀಕರಿಗೆ ಹಾಕಿದರು. ಆ ಕಡೆ ಬಿಲ್ಡರ್.

"ಹೇಳಿ ಯಜಮಾನ್ರೇ. ವರ್ಷ ಆಯ್ತಲ್ಲ?"

"ಆಯ್ತು. ನಮ್ಮ ಹುಡುಗ ಪಾಸಾಗ್ಲಿಲ್ಲ."

ನಾನು ಕೆಂಪು ನೆಲವನ್ನು ನೋಡಿದೆ.

"ಹಾಗಾದ್ರೆ ನಾಳೇನೇ ಬರ್ಲಾ?"

"ಬೇಡ. ನೀವು ಅವತ್ತು ಖಾಲಿ ಮನೆ ಅಂತ ಕೇಳಿದ್ರಿ. ಈಗ ಖಾಲಿ ಇಲ್ಲ."

"ಯಾರಿದಾರೆ ಯಜಮಾನ್ರೇ?"

ಮಾವ ನಮ್ಮನ್ನೆಲ್ಲ ಒಮ್ಮೆ ನೋಡಿದರು. "ನಾನಿದೀನಿ. ನನ್ನ ಅಕ್ಕನ ಮಗ, ಅವನ ಹೆಂಡತಿ ಇದಾರೆ. ಪಕ್ಕದ ಮನೆಯವರೂ ಹೆಚ್ಚುಕಮ್ಮಿ ಇಲ್ಲೇ ಇರ್ತಾರೆ. ಇಷ್ಟು ಜನರನ್ನ ಎಬ್ಬಿಸಿ ಎಲ್ಲಿಗೆ ಕಳಿಸ್ತೀರ? ಇಡ್ತೀನಿ."

ಫೋನನ್ನು ಜೇಬಿಗಿಟ್ಟು ಪೇಪರ್ ಬಿಡಿಸಿದರು. ನನ್ನ ಕನ್ನಡಕ ಮಂಜಾಗಿತ್ತು, ಒರೆಸಿಕೊಳ್ಳಲು ಸುಕ್ಕು ಅಂಗಿಯ ಅಂಚು ಹುಡುಕುತ್ತಿದ್ದೆ. ಮಾವ ಪೇಪರಿನಿಂದ ತಲೆ ಎತ್ತದೆಯೇ ಮೇಘನಾಗೆ ಹೇಳಿದರು:

"ಬಿಸಿಲಲ್ಲೇ ನೀರು ಕಾಯಿಸೋದು ಒಂದು ಇದೆಯಂತಲ್ಲಮ್ಮ, ಅದೊಂದನ್ನ ಹಾಕ್ಸಿಬಿಡು. ಆದ್ರೆ ಒಂದು ಮಾತು. ನೀರು ಮಾತ್ರ ಸುಡುಸುಡು ಅನ್ನಬೇಕು."